ಐವತ್ತೇಳು

ಭೋಸರಿಯ ಈ ಗಲ್ಲಿಯಲ್ಲಿ ಯಾರೂ ಚಿಮಣಿಯ ಕಡೆ ನೋಡುವುದಿಲ್ಲ.
ನಾನೂ ನೋಡಲಿಲ್ಲ. ನೋಡಿ ಪ್ರಯೋಜನವಿಲ್ಲ,
ಕಪ್ಪಗೆ ಕಾಣುವುದು ಬರೀ ಮಸಿ,
ನನಗೆ ಬೇಕಾದದ್ದಕ್ಕೆ ಬಣ್ಣವೇ ಇಲ್ಲ.
ಅದನ್ನು ಹಿಡಿಯುವುದು ಕಾಗದದಲ್ಲಿ:
ಎಷ್ಟು ಉರಿಸಿದಿರಿ, ಎಷ್ಟು ಎರಕ ಹೊಯ್ದಿರಿ,
ಗುಣಿಸು, ಕೂಡಿಸು,
ಕೊನೆಗೊಂದು ಹೆಚ್ಚು ಕಡಿಮೆಯ ಗುರುತು.

ಧಮಢೇರೆ ರಿಜಿಸ್ಟರು ತಂದಿಟ್ಟರು.
ಕೆಂಪು ಬಟ್ಟೆಯ ಬೆನ್ನು, ಮೊದಲ ಹಾಳೆಗೆ ಕುಂಕುಮ.
ರಾತ್ರಿ ಪಾಳಿ, ಕೋಕ್, ಐವತ್ತು ಬುಟ್ಟಿ.
ಮರುದಿನ ಐವತ್ತು.
ಕೋಕ್ ತೊಯ್ದು ತೊಪ್ಪೆಯಾದ ಜುಲೈಯಲ್ಲೂ ಐವತ್ತು,
ಬ್ಲೋವರ್ ಕೆಟ್ಟು ಮೂರು ತಾಸು ನಿಂತ ರಾತ್ರಿಯೂ ಐವತ್ತು.
ಒಂದೇ ಪೆನ್ನು, ಒಂದೇ ಓಟ,
ಒಂದೇ ಸಂಜೆ ಕೂತು ತುಂಬಿದ ವರ್ಷ.

ಬೆಂಕಿ ಇಷ್ಟೊಂದು ಶಿಸ್ತಿನದಲ್ಲ.
‘ಭಟ್ಟಿ ನೋಡಬಹುದೇ?’ ಎಂದೆ.
ಧಮಢೇರೆ ಚಹಾದ ಬಸಿಯನ್ನು
ಅಗತ್ಯಕ್ಕಿಂತ ಮೆಲ್ಲಗೆ ಕೆಳಗಿಟ್ಟರು.

ಮಧ್ಯಾಹ್ನದ ಕುಪೋಲಾ ತಳ ಬಿಚ್ಚಿಕೊಂಡು ತಣ್ಣಗೆ ನಿಂತಿತ್ತು.
ಒಳಗೆ ಯಾರೋ ಸುಟ್ಟ ಇಟ್ಟಿಗೆಗೆ ಮಣ್ಣು ಮೆತ್ತುತ್ತಿದ್ದರು,
ಮೊಣಕಾಲ ಕೆಳಗಷ್ಟೇ ಕಾಣುತ್ತಿತ್ತು ಮನುಷ್ಯ.
ಕೋಕ್ ಸುರಿಯುವ ಕಟ್ಟೆ ಹತ್ತಿದರೆ
ಮಸಿ ಹಿಡಿದ ಗೋಡೆಯ ಮೇಲೆ ಬಿಳಿ ಗೀರು.
ನಾಲ್ಕು ನಿಂತದ್ದು, ಒಂದು ಅಡ್ಡ ಮಲಗಿದ್ದು,
ನಾಲ್ಕು ನಿಂತದ್ದು, ಒಂದು ಅಡ್ಡ ಮಲಗಿದ್ದು.

ಮರಾಠಿಯಲ್ಲಿ ಮಾತಾಡಬಲ್ಲೆ, ಇಂಗ್ಲಿಷಿನಲ್ಲಿ ವರದಿ ಬರೆಯಬಲ್ಲೆ,
ಎಣಿಸುವಾಗ ಮಾತ್ರ ಬಾಯಿ ಮನೆಗೆ ಹೋಗುತ್ತದೆ.
ನಲವತ್ತೈದು, ಐವತ್ತು, ಐವತ್ತೈದು...
‘ಐವತ್ತೇಳ್ರೀ’
ಎಂದಿತು ಕುಪೋಲಾದ ಹೊಟ್ಟೆ.

ಸಾಯಬಣ್ಣ ಹೊರಬಂದ, ರೆಪ್ಪೆಯ ತುಂಬ ಬೂದಿ.
ಚಿತ್ತಾಪುರದ ಕಡೆಯವ, ಇಲ್ಲಿಗೆ ಹತ್ತೊಂಬತ್ತು ವರ್ಷ.
‘ಬುಟ್ಟಿಗಿ ಆರು ರೂಪಾಯಿ, ಅಕ್ಕಾ.
ಎಣಸಾಂವ ನಾ, ಬರ್ಯಾಂವ ಅಂವ.’
ಗೋಡೆಗೆ ಗೀಚಿದ ಚೂರನ್ನು ಅಂಗೈಗಿಟ್ಟ:
ಭಟ್ಟಿಗೆ ಹಾಕುವ ಸುಣ್ಣಗಲ್ಲು.
‘ನಮ್ಮ ಕಡಿ ಕಲ್ಲರೀ ಇದು. ಇದೂ ಇಲ್ಲೇ ಸುಡಾಕ ಬಂದದ.’

ರಾತ್ರಿಗೆ ಏಳು ಬುಟ್ಟಿ, ಬುಟ್ಟಿಗೆ ನಲವತ್ತು ಕಿಲೋ.
ಇನ್ನೂರ ಎಂಬತ್ತನ್ನು ಮೂರೂ ಒಂದರಿಂದ ಗುಣಿಸಿದೆ:
ಎಂಟುನೂರ ಅರವತ್ತೆಂಟು ಕಿಲೋ ಕಾಣದ ಹೊಗೆ,
ಒಂದು ರಾತ್ರಿಗೆ.
ಆಮೇಲೆ, ಯಾರೂ ಕೇಳದಿದ್ದರೂ,
ಏಳನ್ನು ಆರರಿಂದ ಗುಣಿಸಿದೆ.
ನಲವತ್ತೆರಡು ರೂಪಾಯಿ.
ಹೊಗೆಯನ್ನು ಮುಚ್ಚಿಡಲು ಇಲ್ಲಿ ಯಾರೂ ಸುಳ್ಳು ಬರೆದಿರಲಿಲ್ಲ.
ಕೂಲಿ ತಿನ್ನಲು ಬರೆದದ್ದು,
ಹೊಗೆ ಸುಮ್ಮನೆ ಅದರ ಜೊತೆ ಹೋಯಿತು.

ಕೋಷ್ಟಕ ತಿದ್ದಿದೆ. ಅಡಿಟಿಪ್ಪಣಿಯಲ್ಲಿ ಬರೆದೆ,
ಆಧಾರ: ಗೋಡೆ.
ನಲವತ್ತೆರಡು ರೂಪಾಯಿಗೆ ಕಾಲಂ ಇರಲಿಲ್ಲ.
ಅಡ್ಡಗೆರೆ ಎಳೆದು ಒಂದು ಮಾಡಿದೆ,
ಮೇಲಿನವರು ಅದನ್ನು ಅಚ್ಚುಕಟ್ಟಾಗಿ ಅಳಿಸಿದರು.
ಗೋಡೆಯ ಫೋಟೋ ಮಾತ್ರ ಕೇಳಿದರು.

ಮತ್ತೆ ಹೋದಾಗ ದಸರೆ ಮುಗಿದಿತ್ತು,
ಭಟ್ಟಿಯ ಕೊರಳಲ್ಲಿ ಬಾಡಿದ ಚೆಂಡುಹೂ.
ಗೋಡೆಗೆ ಸುಣ್ಣ ಬಳಿದಿದ್ದರು.
‘ಹಬ್ಬಕ್ಕೆ ಶುಭ’ ಎಂದರು ಧಮಢೇರೆ,
ನನ್ನ ಮುಖ ಬಿಟ್ಟು ಬೇರೆಲ್ಲ ಕಡೆ ನೋಡುತ್ತ.
ಬಳಿದ ಸುಣ್ಣ ಒಣಗುವಾಗ
ಬಿಟ್ಟ ಇಂಗಾಲವನ್ನೇ ಗಾಳಿಯಿಂದ ಹೀರಿ ಮತ್ತೆ ಕಲ್ಲಾಗುತ್ತದೆ.
ಅದನ್ನೂ ಒಟ್ಟು ಮೊತ್ತದಿಂದ ಕಳೆಯಬೇಕೇನು?

ಕಟ್ಟೆ ಹತ್ತಿದೆ.
ಹೊಸ ಬಿಳುಪಿನ ಮೇಲೆ, ಮೊಣಕಾಲ ಎತ್ತರದಲ್ಲಿ,
ಈ ಸಲ ಕೋಕಿನ ಚೂರಿನಿಂದ ಎಳೆದ ಕಪ್ಪು ಗೀರು,
ನಾಲ್ಕು ನಿಂತು, ಒಂದು ಮಲಗಿ.
ಬೆಂಕಿಗೆ ಬೀಳದೆ ಗೋಡೆಯಲ್ಲಿ ಉಳಿದ ಆ ಗ್ರಾಮೋ ಅರ್ಧ ಗ್ರಾಮೋ
ಲೆಕ್ಕಕ್ಕೆ ಬರುವಷ್ಟಲ್ಲ.
ಒಂದು, ಎರಡು, ಎನ್ನುತ್ತ
ಮೊದಲಿಂದ ಎಣಿಸತೊಡಗಿದೆ,
ಕೆಳಗಿನವರಿಗೆ ಕೇಳಲಿ ಎಂದು ತುಸು ಜೋರಾಗಿಯೇ.